ನಡುವೆ ಬಿಟ್ಟು ಹೋದವರು

ವಾಕಡ, ಪುಣೆ
೨೧ ಜನವರಿ ೨೦೨೫

ಪ್ರೀತಿಯ ಅಂಬಾದಾಸಣ್ಣನಿಗೆ,

ತಂಗಿ ಸಪ್ನಾಳ ನಮಸ್ಕಾರ. ಆರಾಮವಾಗಿದ್ದೀಯಾ? ಬಾರಾಮತಿಯ ಚಳಿಗೆ ಮೊಣಕಾಲು ಹೇಗಿದೆ? ಫೋನಿನಲ್ಲಿ ತಂಬಾಕಿನ ಮಾತು ತೆಗೆದರೆ ಸಾಕು, "ಆವಾಜ್ ಬರವಲ್ದು" ಎಂದು ಕಟ್ ಮಾಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಂಸ್ಥೆ ಇಲ್ಲಿನ ಕೂಲಿಕಾರರಿಗಾಗಿ ನಡೆಸುವ ತಂಬಾಕು ಬಿಡಿಸುವ ಶಿಬಿರ ನಿನಗೆ ಗೊತ್ತು. ಕೆಲಸ ಬಾರಾಮತಿಗೆ ಬದಲಾಗುವ ತನಕ ನೀನೂ ಬರುತ್ತಿದ್ದೆ. ಮೊನ್ನೆ ವರ್ಷದ ಕೊನೆಯ ತಪಾಸಣೆಯಾಯಿತು. ಬಂದವರಲ್ಲಿ ಬಹಳಷ್ಟು ಜನ ತಂಬಾಕು ಬಿಟ್ಟಿದ್ದರು. ನಮ್ಮ ಮುಖ್ಯಸ್ಥ ಮಿಥುನ ಸರ್ ಹಿಗ್ಗಿಹೋದರು. ಆದರೆ ಅಣ್ಣಾ, ಶುರುವಿನಲ್ಲಿ ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅಲ್ಲಿರಲೇ ಇಲ್ಲ! ಅವರನ್ನು ಹುಡುಕೋಣ ಎಂದರೆ, "ಹೋದೋರು ಹೋದ್ರು ಬಿಡಿ, ಇರೋರನ್ನ ಎಣಿಸಿ ದುಡ್ಡು ಕೊಡೋರಿಗೆ ರಿಪೋರ್ಟ್ ಕಳಿಸೋಣ" ಎಂದರು. ಹಣೆ ಹಣೆ ಬಡಿದುಕೊಳ್ಳಬೇಕು ಅನ್ನಿಸಿತು.

ನಾನೇ ಹುಡುಕಲು ಹೊರಟೆ. ಕೆಲವರ ಶೆಡ್ಡೇ ಎದ್ದುಹೋಗಿತ್ತು. ಇಟ್ಟಿಗೆ ಹೊರುವ ಸಕ್ಕುಬಾಯಿ ಸಿಕ್ಕಳು. ಬರುವುದನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ. "ತಂಬಾಕ ಬಿಟ್ಟವರಿಗಿ ಎಲ್ಲಾರೂ ಚಪ್ಪಾಳಿ ಹೊಡೀತಿದ್ರು ನೋಡವ್ವ. ನನಗ ಬಿಡಲಿಕ್ಕೇ ಆಗಲಿಲ್ಲ. ಯಾವ ಮಾರಿ ಇಟಗೊಂಡು ಬರಬೇಕಿತ್ತು?" ಎಂದಳು. ಶಿಬಿರ ನಡುವೆ ಬಿಟ್ಟಿದ್ದ ಪ್ರಲ್ಹಾದ ರಾಂಜಣಗಾಂವಿನ ಕಾರ್ಖಾನೆಯಲ್ಲಿ ಸಿಕ್ಕ. ಅವನ ಬಾಯೊಳಗೆ ಬಿಳಿ ಮಚ್ಚೆಗಳೆದ್ದಿದ್ದವು, ಖಾರ ತಿಂದರೆ ಬಾಯಿ ಉರಿಯುತ್ತಿತ್ತು. ಕೈಹಿಡಿದು ಡಾಕ್ಟರ ಹತ್ತಿರ ಕರೆದೊಯ್ದೆ. ಕ್ಯಾನ್ಸರಿನ ಅನುಮಾನವೆಂದು ಕೂಡಲೇ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅವನೂ ನಮ್ಮ ಲೆಕ್ಕದಲ್ಲಿಲ್ಲ.

ಸಭೆಯಲ್ಲಿ ಎದ್ದುನಿಂತೆ. "ಸರ್, ತಂಬಾಕ ಬಿಡಲಿಕ್ಕೆ ಆಗದವರೇ ಬರೋದು ಬಿಟ್ಟಾರ್ರಿ. ಅವರನ್ನ ತೆಗೆದುಬಿಟ್ಟರ ಶಿಬಿರದಿಂದ ಏನು ಉಪಯೋಗ ಆತು ಅಂತ ಹೆಂಗ ಗೊತ್ತಾಗತದ?" ಎಂದೆ. ಬೆಂಗಳೂರಿನವರಾದ ಮಿಥುನ ಸರ್ ತಣ್ಣಗೆ ಹೇಳಿದರು: "ಪ್ರಾಜೆಕ್ಟ್ ನಿಂತ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ಸಪ್ನಾ." ನಾನು ಆ ರಿಪೋರ್ಟಿಗೆ ಸಹಿ ಹಾಕಲಿಲ್ಲ. ಬೇರೆಯವರಿಂದ ಹಾಕಿಸಿ ಕಳಿಸಿಯೇಬಿಟ್ಟರು. ಮುಂದಿನ ವರ್ಷವೂ ಇದೇ ಶಿಬಿರ, ಸಕ್ಕುಬಾಯಿಯಂಥವರು ಮತ್ತೆ ತಲೆತಗ್ಗಿಸಿ ಎದ್ದುಹೋಗುವುದು. ಬರೆಯುತ್ತಿರುವಾಗಲೂ ಸಿಟ್ಟು ಇಳಿದಿಲ್ಲ.

ಅತ್ತಿಗೆಗೆ ನಮಸ್ಕಾರ ಹೇಳು, ಚಿನ್ನುವಿಗೊಂದು ಮುತ್ತು ಕೊಡು. ನೀವೆಲ್ಲ ಚೆನ್ನಾಗಿದ್ದರೆ ನನಗಷ್ಟೇ ಸಾಕು.

ನಿನ್ನ ಸಿಡುಕಿ ತಂಗಿ,
ಸಪ್ನಾ

ತಾ.ಕ.: ಈಗಷ್ಟೇ ಅವ್ವ ಫೋನ್ ಮಾಡಿದ್ದಳು. ಎಳ್ಳಮಾವಾಸ್ಯೆಗೆ ಊರಿಗೆ ಹೋದಾಗ ನೀನು ಸಜ್ಜೆರೊಟ್ಟಿ ಮುಟ್ಟದೆ ಬರೀ ಅಂಬಲಿ ಕುಡಿದೆಯಂತೆ. "ಖಾರ ತಿಂದ್ರ ಅಂವನ ಕಣ್ಣಾಗ ನೀರು ಬರ್ತಾವ" ಎಂದಳು. ಭಾನುವಾರ ಬೆಳಗಿನ ಬಸ್ಸಿಗೆ ಬಾರಾಮತಿಗೆ ಬರುತ್ತಿದ್ದೇನೆ. ತಂಬಾಕು ಬಿಟ್ಟೆಯಾ ಎಂದು ಕೇಳುವುದಿಲ್ಲ, ಬೈಯುವುದೂ ಇಲ್ಲ. ಎಲ್ಲಿಗೂ ಹೋಗಬೇಡ ಅಣ್ಣಾ, ನನ್ನ ಜೊತೆ ಆಸ್ಪತ್ರೆಗೆ ಬಾ.