ಹಳದಿ ಬಾಗಿಲು

೧೪, ಗುರುವಾರ.

ಕೈಯಿಂದ ಟರ್ಪೆಂಟೈನ್ ವಾಸನೆ ಇನ್ನೂ ಹೋಗಿಲ್ಲ. ಹೋಗದಿದ್ದರೂ ಚಿಂತೆಯಿಲ್ಲ.

ನನ್ನವಳ ಕಣ್ಣು ಮಂಜಾಗಿ ಎರಡು ವರ್ಷ. ಈ ಬೀದಿಯ ಬಾಗಿಲುಗಳೆಲ್ಲ ಒಂದೇ ಕಂದು ಬಣ್ಣ. ಹೋದ ತಿಂಗಳು ನಮ್ಮ ಮನೆಯೆಂದುಕೊಂಡು ಪಕ್ಕದವರ ಬಾಗಿಲು ತಟ್ಟಿ, ನಾಚಿಕೆಯಿಂದ ಕುಗ್ಗಿಹೋದಳು. ಆಮೇಲೆ ಒಬ್ಬಳೇ ಹೊಸ್ತಿಲು ದಾಟಲೇ ಇಲ್ಲ. ಅದಕ್ಕೇ ನಿನ್ನೆ ಬಾಗಿಲಿಗೆ ಕಣ್ಣು ಕುಕ್ಕುವ ಹಳದಿ ಬಳಿದೆ.

"ಏನಣ್ಣಾ, ಈ ವಯಸ್ಸಲ್ಲಿ ಬಾಗಿಲಿಗೇನು ಮದುವೆನಾ?" ಅಂತ ತಮ್ಮ ನಕ್ಕ. ನಗಲಿ.

ಇವತ್ತು ಸಂಜೆ ಅವಳನ್ನು ಬೀದಿಯ ಕೊನೆಗೆ ಕರೆದುಕೊಂಡು ಹೋಗಿ ಕೈ ಬಿಟ್ಟೆ. ಅವಳು ಒಮ್ಮೆ ತಲೆಯೆತ್ತಿ ನೋಡಿದಳು. ಆಮೇಲೆ ಗೋಡೆ ಸವರದೆ, ತಡವರಿಸದೆ, ಹನ್ನೊಂದು ಮನೆ ದಾಟಿ ನೇರ ನಮ್ಮ ಬಾಗಿಲ ಮುಂದೆಯೇ ನಿಂತಳು! ಅರ್ಧ ಡಬ್ಬಿ ಬಣ್ಣ ಇಷ್ಟೆಲ್ಲ ಮಾಡೀತೇ? ನಾನು ಅಲ್ಲೇ ಕಲ್ಲಾಗಿ ನಿಂತಿದ್ದೆ.

"ಏನ್ರೀ, ಅಲ್ಲೇ ಬೇರು ಬಿಟ್ರಾ? ಬಂದು ಬೀಗ ತೆಗೀರಿ" ಅಂತ ಕೂಗಿದಳು. ಆ ಗದರುವ ದನಿ ಕೇಳಿ ಎಷ್ಟು ದಿನವಾಗಿತ್ತು!

ಬಂದು ತೆಗೆದೆ. ಒಳಗೆ ಹೋಗುವ ಬದಲು ಅಂಗೈ ಚಾಚಿದಳು.

"ಬೀಗದಕೈ ಇಲ್ಲಿ ಕೊಡಿ. ನಾಳೆ ನಾನೊಬ್ಬಳೇ ಹೋಗಿ ಬರ್ತೀನಿ."

ಕೊಟ್ಟೆ. ಎಲ್ಲಿಗೆ ಅಂತ ಕೇಳೋದೇ ಮರೆತುಬಿಟ್ಟೆ.