ಸೊಟ್ಟ ಜಡೆ

ಅಮ್ಮಾ,

ಫೋಟೊ ಬಂತು, ನೋಡಿದೆ. ನಾನು ಓದಲು ಇಲ್ಲಿಗೆ, ಈ ಮನೆಯ ಮಗಳು ನಮ್ಮಲ್ಲಿಗೆ ಎಂದು ಅದಲುಬದಲು ಮಾಡಿದ್ದು ಕಾಲೇಜಿನವರು, ಒಪ್ಪಿದೆ. ಆದರೆ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಬೇಕೆಂದು ಯಾವ ಫಾರಂನಲ್ಲಿ ಬರೆದಿತ್ತು? ಅವಳು ಉಟ್ಟಿರುವುದು ನನ್ನ ಹಸಿರು ಲಂಗ ತಾನೆ? ಮೂರೇ ತಿಂಗಳಿಗೆ ಹೆತ್ತ ಮಗಳು ಹೊರಗಿನವಳಾದೆ!

ಇಲ್ಲಿ ಕ್ರಿಸ್‌ಮಸ್‌ಗೆಂದು ಕಡಿದ ಮರವನ್ನೇ ತಂದು ನಡುಮನೆಯಲ್ಲಿ ನಿಲ್ಲಿಸಿದ್ದಾರೆ. ಬೇರಿಲ್ಲದಿದ್ದರೂ ದಿನಕ್ಕೆ ಎರಡು ಚೊಂಬು ನೀರು ಕುಡಿಯುತ್ತದೆ. ಹಾಕುವವಳು ನಾನು, ಪ್ರತಿವರ್ಷ ಅದು ಈ ಮನೆಯ ಮಗಳ ಕೆಲಸವಂತೆ.

ನೀನು ಕಳಿಸಿದ ಫೋಟೊವನ್ನು ಅವಳ ತಾಯಿಗೂ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ನನ್ನ ಹತ್ರ ಅವಳು ತಲೆ ಬಾಚಿಸ್ಕೊಂಡು ಏಳು ವರ್ಷ ಆಯ್ತು" ಅಂದರು. ಆಮೇಲೆ ಬಾಚಣಿಗೆ ತಂದು, ಆ ಮರದ ಪಕ್ಕದಲ್ಲೇ ನನ್ನನ್ನು ಕೂರಿಸಿ ಜಡೆ ಹಾಕಿದರು. ಸೊಟ್ಟಗಿದೆ. ಎರಡು ದಿನವಾದರೂ ನಾನು ಬಿಚ್ಚಿಲ್ಲ.

ನೆಗಡಿ ವಾಸಿಯಾಗಿದೆ, ಸ್ವೆಟರ್ ಕಳಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಈ ಜಡೆಯ ವಿಷಯ ಮಾತ್ರ ಅವಳಿಗೆ ಮರೆಯದೆ ಹೇಳು. ಅವಳಿಗೂ ಸ್ವಲ್ಪ ಹೊಟ್ಟೆ ಉರಿಯಲಿ.

ನಿನ್ನ ಸ್ವಂತ ಮಗಳು