ಉಳಿದವು ತಮ್ಮ ಪಾಡಿಗೆ

ಮಾರ್ಚ್ ೧೨, ಮಂಗಳವಾರ

ಆಫೀಸಿನಲ್ಲಿ ನಾವೆಲ್ಲ ಗಡ್ಡ ಎಂದೇ ಕರೆಯುತ್ತಿದ್ದ ಗೆಳೆಯ ತೀರಿಕೊಂಡು ಇವತ್ತಿಗೆ ಐದು ದಿನವಂತೆ. ಮಧ್ಯಾಹ್ನ ಅವನ ಹೆಂಡತಿ ಫೋನ್ ಮಾಡಿದ್ದು ಅದನ್ನು ಹೇಳಲಲ್ಲ, ಅವನ ಬೂದು ಸ್ವೆಟರ್ ಆಫೀಸಿನಲ್ಲೇನಾದರೂ ಉಳಿದಿದೆಯೇ ಎಂದು ಕೇಳಲು.

"ನಿಮಗೆ ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡಿದ್ದೆ," ಎಂದರು ಅತ್ತಿಗೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ನಾವಿಬ್ಬರೂ ಸೇರಿ ಕಟ್ಟಿದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲಕ್ಷ ಕೆಲಸಗಳು ಒಟ್ಟೊಟ್ಟಿಗೆ ಓಡುತ್ತವೆ. ಅವುಗಳಲ್ಲಿ ಒಂದು ಕೆಟ್ಟು ನಿಂತರೆ, ನಮ್ಮ ಮಾತಿನಲ್ಲಿ ಸತ್ತರೆ, ಜೊತೆಯವಕ್ಕೆ ತಿಳಿಯಬೇಕೇ ಬೇಡವೇ ಎಂಬುದಕ್ಕೇ ನಾವು ಮಾತು ಬಿಟ್ಟದ್ದು.

"ಜೊತೇಲಿ ಹುಟ್ಟಿದ್ಮೇಲೆ ಸತ್ತಿದ್ದೂ ಗೊತ್ತಾಗ್ಬೇಕು ಕಣೋ," ಎನ್ನುತ್ತಿದ್ದ ಗಡ್ಡ.

"ಮೊದಲೇ ಕೇಳಿಕೊಂಡವಕ್ಕೆ ಮಾತ್ರ ಹೇಳೋಣ. ಉಳಿದವು ತಮ್ಮ ಪಾಡಿಗೆ ಓಡ್ಲಿ," ಎಂದು ನಾನು ಪಟ್ಟು ಹಿಡಿದೆ. ನನ್ನ ಮಾತೇ ನಿಯಮವಾಯಿತು. ಅವನು ಸ್ವೆಟರನ್ನೂ ಕುರ್ಚಿಯ ಮೇಲೆ ಬಿಟ್ಟು ಎದ್ದು ಹೋದ. ಎರಡು ವರ್ಷವಾಯಿತು. ಹೇಗಿದ್ದೀಯ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಅಳು ಬರಲಿಲ್ಲ, ಈಗಲೂ ಬರುತ್ತಿಲ್ಲ. ಫೋನ್ ಇಟ್ಟು, ಆರಿದ ಕಾಫಿ ಕುಡಿದು, ಅರ್ಧಕ್ಕೆ ನಿಲ್ಲಿಸಿದ್ದ ಪರೀಕ್ಷೆಯನ್ನು ಮತ್ತೆ ಓಡಿಸಿದೆ. ಸಾವಿರ ಕೆಲಸಗಳಲ್ಲಿ ಒಂದನ್ನು ಬೇಕೆಂದೇ ಕೊಲ್ಲುವ ಪರೀಕ್ಷೆ ಅದು. ಉಳಿದವು ಎಡವದೆ ಓಡಬೇಕು. ಓಡಿದವು.

ಎದುರು ಮೇಜಿನ ಟೆಸ್ಟರ್ ತಲೆಯೆತ್ತಿ, "ಪಾಸಾಯ್ತಾ ಸರ್?" ಎಂದಳು.

"ಹೂಂ," ಎಂದೆ. "ಒಂದಕ್ಕೂ ಗೊತ್ತಾಗ್ಲಿಲ್ಲ."